ನೈಟ್ರಸ್ ಆಕ್ಸೈಡ್ (ವಾಹನ ಎಂಜಿನ್‌ಗಳಲ್ಲಿ)

ನೈಟ್ರಸ್ ಆಕ್ಸೈಡ್ ಬಣ್ಣವಿಲ್ಲದ, ತುಸು ಸಿಹಿ ವಾಸನೆಯ ಅನಿಲ. ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಕೆಲವು ಸೆಕೆಂಡುಗಳ ಮಟ್ಟಿಗೆ ಹೆಚ್ಚುವರಿ ಶಕ್ತಿ ತುಂಬಲು ಇದನ್ನು ಬಳಸುತ್ತಾರೆ. ಸಿನಿಮಾಗಳಲ್ಲಿ ನೀಲಿ ಬೆಂಕಿ ಉಗುಳುವ ಈ ಅನಿಲ ನಿಜಕ್ಕೂ ಇಂಧನವೇ ಅಲ್ಲ, ತಾನಾಗಿ ಉರಿಯುವುದೂ ಇಲ್ಲ. ಅದು ಹೊತ್ತು ತರುವುದು ಆಮ್ಲಜನಕವನ್ನು. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಶೇ 23ರಷ್ಟಿದ್ದರೆ, ನೈಟ್ರಸ್‌ನಲ್ಲಿ ಶೇ 36.

ಎಂಜಿನ್ ಎಷ್ಟು ಪೆಟ್ರೋಲ್ ಉರಿಸಬಲ್ಲದು ಎಂಬುದನ್ನು ನಿರ್ಧರಿಸುವುದು ಅದು ಒಳಗೆಳೆಯುವ ಗಾಳಿ. ಟರ್ಬೊ ಇದೇ ಗಾಳಿಯನ್ನು ಅದುಮಿ ತುರುಕುತ್ತದೆ. ನೈಟ್ರಸ್ ಆಮ್ಲಜನಕವನ್ನು ಸಿಲಿಂಡರಿನಲ್ಲಿ ಕಟ್ಟಿಕೊಂಡೇ ಬರುತ್ತದೆ. ಡಿಕ್ಕಿಯಲ್ಲಿರುವ ಸಿಲಿಂಡರಿನಿಂದ ಸಣ್ಣ ಕೊಳವೆಯಲ್ಲಿ ದ್ರವರೂಪದಲ್ಲೇ ಹೊರಟು ಸೊಲೆನಾಯ್ಡ್ ವಾಲ್ವ್‌ನ ಎದುರು ಕಾದು ನಿಲ್ಲುತ್ತದೆ. ಚಾಲಕ ಎಕ್ಸಲರೇಟರನ್ನು ಪೂರ್ತಿ ಒತ್ತಿ ಬಟನ್ ಅದುಮಿದಾಗ ವಾಲ್ವ್ ತೆರೆಯುತ್ತದೆ, ದ್ರವ ಆವಿಯಾಗುತ್ತದೆ. ಅದರ ಕುದಿಬಿಂದು ಮೈನಸ್ 88 ಡಿಗ್ರಿ ಸೆಲ್ಸಿಯಸ್ ಆದ್ದರಿಂದ ಒಳಹೋಗುವ ಗಾಳಿಯೂ ತಣ್ಣಗಾಗಿ ಸಾಂದ್ರವಾಗುತ್ತದೆ. ದಹನ ಕೋಣೆಯ ಕಾವಿಗೆ ಅಣು ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಪೆಟ್ರೋಲ್ ಕೂಡ ಹೆಚ್ಚಬೇಕು. ‘ವೆಟ್’ ಜೋಡಣೆಯಲ್ಲಿ ನೈಟ್ರಸ್ ಚಿಮ್ಮುವ ನಳಿಕೆಯಿಂದಲೇ ಪೆಟ್ರೋಲನ್ನೂ ಚಿಮ್ಮಿಸುತ್ತಾರೆ. ‘ಡ್ರೈ’ ಜೋಡಣೆಯಲ್ಲಿ ಆ ಹೊಣೆ ಕಾರಿನ ಸ್ವಂತ ಇಂಜೆಕ್ಟರುಗಳದ್ದು.

ಇದೆಲ್ಲ ಬಹಳ ಹೊತ್ತಿನ ಆಟವಲ್ಲ. 100 ಅಶ್ವಶಕ್ತಿ ಹೆಚ್ಚಿಸುವ ಜೋಡಣೆ 10 ಸೆಕೆಂಡಿಗೆ ಸುಮಾರು ಅರ್ಧ ಕಿಲೊ ಅನಿಲ ಕುಡಿಯುತ್ತದೆ. ನಾಲ್ಕೂವರೆ ಕಿಲೊದ ಸಿಲಿಂಡರ್ ಒಂದೂವರೆ ನಿಮಿಷಕ್ಕೆ ಬರಿದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಬಿಸಿಲೂರುಗಳಲ್ಲಿ ಈ ಅನಿಲಕ್ಕೆ ಬೇರೆಯದೇ ತಕರಾರಿದೆ. ನೈಟ್ರಸ್‌ನ ಕ್ರಾಂತಿಕ ತಾಪಮಾನ 36.4 ಡಿಗ್ರಿ. ಅದನ್ನು ದಾಟಿದರೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ. 20 ಡಿಗ್ರಿಯಲ್ಲಿ ಸಿಲಿಂಡರಿನೊಳಗೆ ವಾತಾವರಣದ ಸುಮಾರು 50 ಪಟ್ಟು ಇರುವ ಒತ್ತಡ, 36ರ ಹೊತ್ತಿಗೆ 70 ಪಟ್ಟು ದಾಟಿರುತ್ತದೆ. ಅಲ್ಲಿಂದಾಚೆಗೆ ಭರ್ತಿ ಸಿಲಿಂಡರಿನಲ್ಲಿ ಅದು ಏರುವ ಪರಿಯೇ ಬೇರೆ. ಚಳಿ ದೇಶಗಳ ರೇಸಿಗರು ಸಿಲಿಂಡರಿಗೆ ಹೀಟರ್ ಕಟ್ಟುತ್ತಾರೆ. 40 ಡಿಗ್ರಿ ಮುಟ್ಟುವ ಇಲ್ಲಿನ ಬೇಸಿಗೆಯಲ್ಲಿ, ಬಿಸಿಲಿಗೆ ನಿಂತ ಕಾರಿನ ಡಿಕ್ಕಿಗೆ ಬೇಕಾದದ್ದು ಒದ್ದೆ ಬಟ್ಟೆ. ಒತ್ತಡ ಅಳತೆ ಮೀರಿದರೆ ನಳಿಕೆಯಿಂದ ಲೆಕ್ಕಕ್ಕಿಂತ ಹೆಚ್ಚು ಅನಿಲ ನುಗ್ಗಿ ಪೆಟ್ರೋಲ್ ಸಾಲದಾಗುತ್ತದೆ.

ಪೆಟ್ರೋಲ್ ಸಾಲದಾದಾಗ ನಷ್ಟ ತೆರುವುದು ಲೋಹ. ಮಿಶ್ರಣ ಒಮ್ಮೆಲೇ ಸಿಡಿದು ‘ನಾಕಿಂಗ್’ ಶುರುವಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ, 660 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಅಲ್ಯೂಮಿನಿಯಂ ಪಿಸ್ಟನ್ನಿನ ನೆತ್ತಿಗೆ ತೂತು ಬೀಳುತ್ತದೆ. ಅದಕ್ಕೇ ಬಲ್ಲ ಮೆಕ್ಯಾನಿಕ್‌ಗಳು ಪ್ರತಿ 50 ಅಶ್ವಶಕ್ತಿಗೆ ಸುಮಾರು ಎರಡು ಡಿಗ್ರಿಯಂತೆ ಕಿಡಿಯ ಟೈಮಿಂಗ್ ಹಿಂದಕ್ಕೆ ಇಡುತ್ತಾರೆ, ಓಟ ಮುಗಿದ ಕೂಡಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಅದರ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಸಣ್ಣ ಚುಕ್ಕೆಗಳು ಕಂಡರೆ ಪಿಸ್ಟನ್ ಕರಗತೊಡಗಿದೆ ಎಂದೇ ಲೆಕ್ಕ. ಬದಲಾವಣೆ ಕಾಣದ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ 40ರಿಂದ 60 ಅಶ್ವಶಕ್ತಿಗಿಂತ ಹೆಚ್ಚು ಹೇರಬಾರದು ಎನ್ನುವುದು ಈ ಕಸುಬಿನ ರೂಢಿ.

ಎಂಜಿನ್ನಿನ ತಾಳಿಕೆಯ ವಿಷಯದಲ್ಲಿ ಕೊಪ್ಪಳ ಹೊರಗಿನದಲ್ಲ. ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಬೀಡು ಕಬ್ಬಿಣವನ್ನು ತಯಾರಿಸಿ, ಟ್ರ್ಯಾಕ್ಟರ್ ಮತ್ತು ಇತರ ವಾಹನಗಳ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್‌ಗಳನ್ನು ಎರಕ ಹೊಯ್ಯುತ್ತದೆ. ಅಲ್ಲಿ ಬಳಕೆಯಾಗುವ ಬೂದು ಎರಕದ ಕಬ್ಬಿಣ ಅದುಮುವ ಬಲಕ್ಕೆ ಗಟ್ಟಿ, ಎಳೆಯುವ ಬಲಕ್ಕೆ ಅಷ್ಟಕ್ಕಷ್ಟೆ. ಇಂಥ ಬ್ಲಾಕಿನ ಗೋಡೆ ಎಷ್ಟು ದಪ್ಪವಿರಬೇಕೆಂದು ಗೊತ್ತುಮಾಡಿದ್ದು ಕಂಪನಿ ನಿಗದಿಮಾಡಿದ ಶಕ್ತಿಯನ್ನು ನಂಬಿ. ಡಿಕ್ಕಿಯ ಸಿಲಿಂಡರ್ ಆ ಲೆಕ್ಕದಲ್ಲಿ ಇರುವುದಿಲ್ಲ.

1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ತಯಾರಿಸಿದ ಈ ಅನಿಲ ಮೊದಲು ನಗೆ ಅನಿಲವಾಗಿ ಮೋಜಿಗೆ, 1844ರಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನ ಮೂಲಕ ಹಲ್ಲು ಕೀಳಲು ಬಂತು. ಎಂಜಿನ್ನಿಗೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ: ಗಾಳಿ ತೆಳುವಾದ ಎತ್ತರದಲ್ಲಿ ಏದುಸಿರು ಬಿಡುತ್ತಿದ್ದ ಜರ್ಮನ್ ಯುದ್ಧವಿಮಾನಗಳಿಗೆ ‘ಜಿಎಂ-1’ ಎಂಬ ಹೆಸರಿನಲ್ಲಿ ಇದನ್ನು ಅಳವಡಿಸಿದರು. 1978ರಲ್ಲಿ ಅಮೆರಿಕದಲ್ಲಿ ಶುರುವಾದ ‘ನೈಟ್ರಸ್ ಆಕ್ಸೈಡ್ ಸಿಸ್ಟಮ್ಸ್’ ಕಂಪನಿ ಇದನ್ನು ಕಾರುಗಳ ಸಿದ್ಧ ಕಿಟ್ ಆಗಿಸಿತು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರ ಊರೂರ ಹುಡುಗರ ಬಾಯಿಗೆ ‘ನಾಸ್’ ಎಂಬ ಹೆಸರನ್ನು ತಂದಿತು. ಕಾರಿನ ನೈಟ್ರಸ್‌ಗೆ ಗಂಧಕದ ಡೈಆಕ್ಸೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದುಂಟು. ನಶೆಗಾಗಿ ಮೂಸುವವರು ಕೆಮ್ಮಿ ಓಡಲಿ ಎಂದು.

ಭಾರತದ ರಸ್ತೆಯಲ್ಲಿ ಇದಕ್ಕೆ ಜಾಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸಿಲಿಂಡರ್ ತುಂಬುವುದು, ದಾಸ್ತಾನಿಡುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಹಿಡಿತದಲ್ಲಿದೆ.

ಕಾನೂನಿನ ತಂಟೆಯಿಲ್ಲದೆ ಈ ಅನಿಲ ಹುಟ್ಟುವ ಜಾಗವೂ ಕೊಪ್ಪಳ ಜಿಲ್ಲೆಯಲ್ಲಿದೆ: ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಭತ್ತದ ಗದ್ದೆಗಳು. ಎರಚಿದ ಯೂರಿಯಾದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಪರಿವರ್ತಿಸುವಾಗ ಅದರ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಮೇಲೇಳುತ್ತದೆ. ನೀರು ನಿಂತಾಗ ಕಡಿಮೆ, ಗದ್ದೆ ಆರಿ ಮತ್ತೆ ನೆನೆದಾಗ ಹೆಚ್ಚು. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಇದರ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆ 2015ರಲ್ಲಿ ಕಡ್ಡಾಯಗೊಂಡ ಬೇವಿನೆಣ್ಣೆಯ ಲೇಪನ, ಆ ಸೂಕ್ಷ್ಮಜೀವಿಗಳ ಕೆಲಸವನ್ನು ತುಸು ನಿಧಾನಿಸುತ್ತದೆ.