ಸೊರಬ, ಶಿಕಾರಿಪುರ ಮತ್ತು ಸದನದ ಕ್ಯಾಮೆರಾ

ಸೊರಬದ ಎಸ್. ಬಂಗಾರಪ್ಪ 1967ರಲ್ಲಿ ವಿಧಾನಸಭೆಗೆ ಬಂದಾಗ ಸದನದ ಮಾತು ಕ್ಷೇತ್ರಕ್ಕೆ ತಲುಪುತ್ತಿದ್ದುದು ಪತ್ರಿಕೆ, ಆಕಾಶವಾಣಿ ಮತ್ತು ಕಾರ್ಯಕರ್ತರ ಬಾಯಿಯ ಮೂಲಕ. ಅಂದರೆ ಯಾರೋ ಸೋಸಿ ಕೊಟ್ಟದ್ದೇ ಸದನ. 1983ರಲ್ಲಿ ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪನವರ ಆರಂಭದ ವರ್ಷಗಳೂ ಹೀಗೇ. ಸಂಸತ್ತಿನಲ್ಲೇ ಕ್ಯಾಮೆರಾ ಮೊದಲು ಕಂಡದ್ದು 1989ರ ಡಿಸೆಂಬರಿನಲ್ಲಿ, ಅದೂ ರಾಷ್ಟ್ರಪತಿಗಳ ಭಾಷಣಕ್ಕೆ. ಲೋಕಸಭೆಗೆ ಸ್ವಂತ ವಾಹಿನಿ ಬಂದದ್ದು 2006ರಲ್ಲಿ. ನೇರ ಪ್ರಸಾರ ಬರಿಯ ಅಲಂಕಾರವಲ್ಲ, ಸಾಕ್ಷಿ ಎಂಬುದು ನಮ್ಮಲ್ಲಿ ಸ್ಪಷ್ಟವಾದದ್ದು 2018ರ ಮೇ 19ರಂದು. ಬಹುಮತವಿಲ್ಲದ 104 ಸ್ಥಾನಗಳ ಪಕ್ಷದ ನಾಯಕ ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು; ಅಂದು ಸದನದಲ್ಲಿ ವಿಶ್ವಾಸಮತ ಗೆಲ್ಲಬೇಕಿತ್ತು. ಹಂಗಾಮಿ ಸಭಾಧ್ಯಕ್ಷರ ನೇಮಕ ಪ್ರಶ್ನಿತವಾದಾಗ, ಕಲಾಪದ ನೇರ ಪ್ರಸಾರವೇ ಪಾರದರ್ಶಕತೆಗೆ ದಾರಿ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಮತದಾನ ನಡೆಯಲೇ ಇಲ್ಲ. ಯಡಿಯೂರಪ್ಪ ಭಾಷಣ ಮುಗಿಸಿ ರಾಜೀನಾಮೆ ಘೋಷಿಸಿದ್ದನ್ನು ಶಿಕಾರಿಪುರ ಬೆಂಗಳೂರಿನ ಜೊತೆಜೊತೆಗೇ ಕಂಡಿತು.

ಕ್ಯಾಮೆರಾ ಇದ್ದರೆ ಶಾಸಕರು ನಟಿಸುತ್ತಾರೆ, ಚರ್ಚೆ ಹೋಗಿ ಕೂಗಾಟ ಉಳಿಯುತ್ತದೆ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ 2012ರ ಫೆಬ್ರವರಿಯಲ್ಲಿ ಸಚಿವರು ಸದನದಲ್ಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಹಿಡಿದದ್ದು ಖಾಸಗಿ ವಾಹಿನಿಯ ಕ್ಯಾಮೆರಾ. ಮೂವರು ಸಚಿವರು ಸ್ಥಾನ ಬಿಡಬೇಕಾಯಿತು. ಮಾತನಾಡುವವರ ಮುಖಕ್ಕಷ್ಟೇ ತಿರುಗುವ ಅಧಿಕೃತ ಕ್ಯಾಮೆರಾಗೆ ಅದು ಸಿಗುತ್ತಿತ್ತೇ? 2019ರ ಅಕ್ಟೋಬರಿನಲ್ಲಿ, ಯಡಿಯೂರಪ್ಪನವರೇ ಮುಖ್ಯಮಂತ್ರಿಯಾಗಿದ್ದಾಗ, ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಡಲಾಯಿತು; ಉಳಿದದ್ದು ಸದನದ ಅಧಿಕೃತ ಕ್ಯಾಮೆರಾ ಮಾತ್ರ. ನಟನೆ ತಗ್ಗಿಸಲು ಇದೇ ಮದ್ದಾದರೆ, ಸೊರಬದ ಮತದಾರ ಮತ್ತೆ ಸೋಸಿದ ಸದನವನ್ನೇ ನೋಡಬೇಕು. ಸೋಸುವವರು ಮಾತ್ರ ಈಗ ವರದಿಗಾರರಲ್ಲ, ಸದನವೇ.