ಸಾರಾ ಚರ್ಚಿಲ್‌ಳ ಉಯಿಲು

ಮಾರ್ಲ್‌ಬರೋದ ಡಚೆಸ್ ಸಾರಾ ಚರ್ಚಿಲ್ (1660–1744) ಬರೆಸಿಟ್ಟ ಉಯಿಲು ಇಂಗ್ಲೆಂಡಿನ ರಾಜಕೀಯ ಇತಿಹಾಸದಲ್ಲಿ ಹೆಸರಾದದ್ದು. ರಾಣಿ ಆನ್‌ಳ ಆಪ್ತ ಗೆಳತಿಯಾಗಿ ಪ್ರಭಾವ ಗಳಿಸಿ, ಮುಂದೆ ಅವಳ ಅವಕೃಪೆಗೆ ಗುರಿಯಾದ ಸಾರಾ, ದಂಡನಾಯಕನಾಗಿದ್ದ ಪತಿ ಜಾನ್ ಚರ್ಚಿಲ್ 1722ರಲ್ಲಿ ತೀರಿಕೊಂಡ ಬಳಿಕ 22 ವರ್ಷ ವಿಧವೆಯಾಗಿ ಬಾಳಿದಳು. ವ್ಯವಹಾರಚತುರೆಯಾದ ಈಕೆ ಅನೇಕ ಜಮೀನುಗಳನ್ನು ಕೊಂಡು ಅಪಾರ ಸಂಪತ್ತು ಕೂಡಿಸಿದ್ದಳು.

ವಿಂಬಲ್ಡನ್ ಸೇರಿದಂತೆ ಆಸ್ತಿಯ ದೊಡ್ಡ ಪಾಲು ಮೆಚ್ಚಿನ ಮೊಮ್ಮಗ ಜಾನ್ ಸ್ಪೆನ್ಸರ್‌ನಿಗೆ ಸಂದಿತು. ಆದರೆ ಅವನು ಸರ್ಕಾರದಿಂದ ಹುದ್ದೆಯನ್ನಾಗಲಿ ಪಿಂಚಣಿಯನ್ನಾಗಲಿ ಪಡೆಯಕೂಡದೆಂಬ ಷರತ್ತಿತ್ತು. ಇದನ್ನು ಅಜ್ಜಿಯ ಹಟವೆಂದಷ್ಟೇ ಕಾಣುವುದು ಸರಿಯಲ್ಲ. ಆಕೆ ದ್ವೇಷಿಸುತ್ತಿದ್ದ ಪ್ರಧಾನಿ ರಾಬರ್ಟ್ ವಾಲ್ಪೋಲ್ ಇಂಥ ಆಮಿಷಗಳಿಂದಲೇ ಸಂಸತ್ ಸದಸ್ಯರನ್ನು ಕಟ್ಟಿಹಾಕುತ್ತಿದ್ದ.

ವಾಲ್ಪೋಲ್‌ನನ್ನು ವಿರೋಧಿಸಿದವರಿಗೂ ಸಾರಾ ಹಣ ಬಿಟ್ಟಳು. ಲಾರ್ಡ್ ಚೆಸ್ಟರ್‌ಫೀಲ್ಡ್‌ನಿಗೆ 20,000 ಪೌಂಡು, ವಿಲಿಯಂ ಪಿಟ್‌ನಿಗೆ 10,000 ಪೌಂಡು ದೊರೆಯಿತು. ಪಿಟ್ ಕಿರಿಯ ಮಗ, ಹೇಳಿಕೊಳ್ಳುವಂಥ ಆಸ್ತಿಯಿಲ್ಲದವನು. 1736ರಲ್ಲಿ ಸಂಸತ್ತಿನಲ್ಲಿ ಆಡಿದ ಮಾತಿಗಾಗಿ ಸೈನ್ಯದ ಹುದ್ದೆ ಕಳೆದುಕೊಂಡಿದ್ದ. ಅಂಥವನಿಗೆ ಈ ಮೊತ್ತ ಸ್ವತಂತ್ರವಾಗಿ ನಿಲ್ಲುವ ಬಲ ಕೊಟ್ಟಿತು. ಮೊಮ್ಮಗನಿಗೆ ವಿಧಿಸಿದ ಷರತ್ತು ಅವನಿಗೆ ಅನ್ವಯಿಸುತ್ತಿರಲಿಲ್ಲ. 1746ರಲ್ಲಿ ಅವನು ಸರ್ಕಾರದ ಹುದ್ದೆ ಒಪ್ಪಿಕೊಂಡ.

ಪತಿಯ ಕೀರ್ತಿಯ ವಿಷಯದಲ್ಲಿ ಆಕೆಯ ಎಚ್ಚರ ಇನ್ನೂ ಹೆಚ್ಚಿನದು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದ್ದ ಅವನ ಶವವನ್ನು ಬ್ಲೆನಿಮ್ ಅರಮನೆಯ ಪ್ರಾರ್ಥನಾಮಂದಿರಕ್ಕೆ ತಂದು ತನ್ನೊಡನೆ ಇರಿಸಬೇಕೆಂದು ಬಯಸಿದಳು, ಅದರಂತೆಯೇ ನಡೆಯಿತು. ಅವನ ಜೀವನಚರಿತ್ರೆ ಬರೆಯಲು ರಿಚರ್ಡ್ ಗ್ಲೋವರ್ ಮತ್ತು ಡೇವಿಡ್ ಮ್ಯಾಲೆಟ್ ಎಂಬ ಕವಿಗಳಿಗೆ ಹಣ ಗೊತ್ತುಪಡಿಸಿ, ಅದರಲ್ಲಿ ಒಂದು ಸಾಲು ಪದ್ಯವೂ ಇರಕೂಡದೆಂದು ಕಟ್ಟುಮಾಡಿದಳು! ಗ್ಲೋವರ್ ಕೆಲಸ ನಿರಾಕರಿಸಿದ. ಮ್ಯಾಲೆಟ್ ಹಣ ಪಡೆದನಾದರೂ ಪುಸ್ತಕ ಬರೆಯಲಿಲ್ಲ.