ದೊಡ್ಡಮ್ಮನ ಮನೆಯ ಒಲೆ

ಮೊನ್ನೆ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಕೊನೆ ವರ್ಷದ ಮಕ್ಕಳ ಪ್ರಾಜೆಕ್ಟ್ ನೋಡೋದಕ್ಕೆ ಹೋಗಿದ್ದೆ. ಹದಿನೆಂಟು ತಂಡಗಳು. ಅರ್ಧಕ್ಕಿಂತ ಹೆಚ್ಚಿನವುಗಳ ಹೆಸರಿನಲ್ಲಿ ಸುಸ್ಥಿರ, ಹವಾಮಾನ, ಸ್ಮಾರ್ಟ್ ಈ ಮೂರರಲ್ಲಿ ಒಂದಾದರೂ ಪದ ಇತ್ತು. ಒಂದು ತಂಡ ಮಣ್ಣಿನ ತೇವ ಅಳೆದು ಪಂಪ್‌ಸೆಟ್ಟನ್ನು ತಾನೇ ಆನ್ ಆಫ್ ಮಾಡುವ ಯಂತ್ರ ತಂದಿತ್ತು. ಮಳೆ ಕೈಕೊಟ್ಟ ವರ್ಷ ನೀರು ಉಳಿಸೋ ಉಪಾಯ. ಚೆನ್ನಾಗಿ ಕೆಲಸ ಮಾಡ್ತಿತ್ತು.

"ಯಾವ ಹೊಲದಲ್ಲಿ ಇಟ್ಟು ನೋಡಿದ್ರಪ್ಪ?" ಅಂತ ಕೇಳಿದೆ.

ನಾಲ್ವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಅಂದ, "ಹಾಸ್ಟೆಲ್ ಹಿಂದೆ ಒಂದು ಕುಂಡದಲ್ಲಿ, ಮೇಡಂ."

ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ನಗೋ ಹಕ್ಕೂ ನನಗಿಲ್ಲ. ಯಾಕೆ ಅಂತ ಹೇಳಬೇಕಾದ್ರೆ ಒಂದು ಒಲೆಯ ಕತೆ ಹೇಳಬೇಕು, ಅದಕ್ಕೂ ಮೊದಲು ಆ ಒಲೆ ಎಲ್ಲಿಂದ ಬಂತು ಅನ್ನೋದನ್ನು ಹೇಳಬೇಕು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಜಾಗದಲ್ಲಿ, 'ಅಸ್ತ್ರ' ಅನ್ನೋ ಹೆಸರಿನ ಒಂದು ಗುಂಪು ಶುರುವಾಯಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗೆ ಅನ್ವಯಿಸುವುದು ಅಂತ ಅರ್ಥ ಬರುವ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಆಗ ಸಂಸ್ಥೆಯ ನಿರ್ದೇಶಕರು ಸತೀಶ್ ಧವನ್. ಗುಂಪು ಕಟ್ಟಿದವರು ಅಮೂಲ್ಯ ಕೆ.ಎನ್. ರೆಡ್ಡಿ. ರೆಡ್ಡಿಯವರು ಹಳ್ಳಿಯ ತಜ್ಞರೇನಲ್ಲ, ವಿದ್ಯುತ್ ರಸಾಯನಶಾಸ್ತ್ರದವರು. ಜಾನ್ ಬೋಕ್ರಿಸ್ ಜೊತೆ ಸೇರಿ ಬರೆದ ಪಠ್ಯಪುಸ್ತಕವನ್ನು ದೇಶದೇಶಗಳಲ್ಲಿ ಓದುತ್ತಿದ್ದರು. ಅಂಥ ಮನುಷ್ಯ ಹಳ್ಳಿಯ ಸಗಣಿ ಸೌದೆ ಲೆಕ್ಕ ಹಾಕೋಕೆ ಹೊರಟರೆ ಸಹೋದ್ಯೋಗಿಗಳು ಏನಂದುಕೊಂಡಿರಬೇಡ!

ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು. ಏನನ್ನಾದರೂ ಕಂಡುಹಿಡಿಯುವ ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಅಳತೆ ಶುರು ಮಾಡಿದರು. ಈ ಊರಿನಲ್ಲಿ ಶಕ್ತಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ? ಯಾರು ಎಷ್ಟು ಸೌದೆ ತರ್ತಾರೆ, ಎಷ್ಟು ದೂರ ನಡೀತಾರೆ, ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ಹೊತ್ತು ದುಡಿಯುತ್ತೆ, ಮಕ್ಕಳು ಎಷ್ಟು ಹೊತ್ತು. ಇಂಥದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳೋದನ್ನು ಆಗ ಸಂಶೋಧನೆ ಅಂತ ಒಪ್ಪೋರೇ ಕಡಿಮೆ.

ಪುರ ಅನ್ನೋ ಊರಿನ ಲೆಕ್ಕವನ್ನು ನಾನು ಎಷ್ಟೋ ಸಲ ಓದಿದ್ದೇನೆ. 1977ರಲ್ಲಿ ಅಲ್ಲಿ 56 ಮನೆ, 357 ಜನ. ಊರಿನ ಒಟ್ಟು ಶಕ್ತಿಯಲ್ಲಿ ಶೇಕಡ 88ರಷ್ಟು ಮನೆವಾರ್ತೆಗೆ, ಅಂದ್ರೆ ಮುಖ್ಯವಾಗಿ ಅಡುಗೆಗೆ. ಬೇಸಾಯಕ್ಕೆ ಬರೀ ನಾಲ್ಕು ಚಿಲ್ಲರೆ. ದೀಪಕ್ಕೆ ಎರಡರ ಸುಮಾರು. ಊರಿಗೆ ಕರೆಂಟ್ ಕಂಬ ಬಂದಿತ್ತು, ಬಹುಪಾಲು ಮನೆಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿಯೇ. ದಿನಕ್ಕೆ ಒಂದು ಮನೆಗೆ ಬೇಕಾದ ಹತ್ತು ಕಿಲೋ ಸೌದೆಗೆ ಸರಾಸರಿ 4.8 ಕಿಲೋಮೀಟರ್ ನಡಿಗೆ, 2.6 ಗಂಟೆ. ಶಕ್ತಿ ಅಂದ್ರೆ ಶರಾವತಿ, ಜೋಗ, ಟವರ್ ಲೈನು ಅಂತ ಯೋಜನಾ ಇಲಾಖೆಗಳು ಲೆಕ್ಕ ಹಾಕ್ತಿದ್ದ ಕಾಲದಲ್ಲಿ, ಹೆಂಗಸಿನ ತಲೆಯ ಮೇಲಿನ ಪುಳ್ಳೆ ಹೊರೆ ಕೋಷ್ಟಕದೊಳಕ್ಕೆ ಬಂತು.

ಇನ್ನೊಂದು ಮಾತು ಇದೇ ಅಧ್ಯಯನಗಳಿಂದ ಹೊರಬಿತ್ತು. ಕಾಡು ಹಾಳಾಗೋದು ಹಳ್ಳಿಯವರ ಒಲೆಯಿಂದ ಅಂತ ಎಲ್ಲರೂ ನಂಬಿದ್ದರು. ಇವರು ಎಣಿಸಿ ನೋಡಿದರೆ ಹಳ್ಳಿಯ ಹೆಂಗಸರು ತರ್ತಿದ್ದದ್ದು ಹೆಚ್ಚಾಗಿ ಒಣ ಪುಳ್ಳೆ, ರೆಂಬೆ, ಕಡ್ಡಿ. ಮರವನ್ನೇ ಕಡಿದು ಲಾರಿಗಟ್ಟಲೆ ತುಂಬಿಸಿಕೊಳ್ಳುತ್ತಿದ್ದದ್ದು ನಗರ. ರೆಡ್ಡಿಯವರು ಬಿ. ಸುಧಾಕರ ರೆಡ್ಡಿಯವರ ಜೊತೆ ಬೆಂಗಳೂರಿನ ಸೌದೆ ಬಳಕೆಯನ್ನೇ ವಿಷಯವಾಗಿಟ್ಟುಕೊಂಡು 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬೆಂಗಳೂರಿನ ಬೀದಿಬೀದಿಗಳಲ್ಲಿ ಸೌದೆ ಡಿಪೋಗಳಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿದ್ದೀತು.

ಈ ಅಳತೆಯಿಂದಲೇ ಅಸ್ತ್ರ ಒಲೆ ಹುಟ್ಟಿತು. ಅಡುಗೆಗೇ ಅಷ್ಟು ಶಕ್ತಿ ಹೋಗ್ತಿದ್ರೆ ಒಲೆಯನ್ನಲ್ಲದೆ ಇನ್ನೇನನ್ನು ಸರಿಮಾಡೋದು? ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಪಾಲೂ ಪಾತ್ರೆಗೆ ಸೇರೋದಿಲ್ಲ. ಉಳಿದದ್ದು ಗಾಳಿಗೆ, ಗೋಡೆಗೆ, ಅಡುಗೆ ಮಾಡುವವಳ ಕಣ್ಣಿಗೆ. ಹೊಸ ಒಲೆಗೆ ಮೂರು ಬಾಯಿ, ಒಳಗೆ ಬೆಂಕಿ ಮುಚ್ಚಿದ ಗೂಡು, ಅಡಿಯಲ್ಲಿ ಗಾಳಿ ಬರೋಕೆ ಜಾಲರಿ, ಹೊಗೆಗೆ ಕೊಳವೆ. ಮೂರನೇ ಒಂದು ಪಾಲು ಶಾಖ ಪಾತ್ರೆಗೆ ಸಿಗುವ ಹಾಗಾಯಿತು. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಬಂದಮೇಲೆ ಕರ್ನಾಟಕದ ಎಷ್ಟೋ ಅಡುಗೆಮನೆಗಳಿಗೆ ಈ ಒಲೆ ಹೋಯಿತು.

ಇಷ್ಟು ಸಂಸ್ಥೆಯ ಕತೆ. ವಿದ್ಯಾರ್ಥಿಗಳ ಕತೆಗೆ ಬೇರೊಂದು ಬಾಗಿಲು ಇತ್ತು. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಶುರುವಾಯಿತು, ಅದೇ ಕ್ಯಾಂಪಸ್ಸಿನಲ್ಲಿ. ಅದರ ಕಾರ್ಯದರ್ಶಿಯಾಗಿಯೂ ರೆಡ್ಡಿಯವರೇ ಕೆಲಸ ಮಾಡಿದರು. 1977-78ರಿಂದ ಮಂಡಳಿ ಇಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಮಾಡೋಕೆ ಸಣ್ಣ ಮೊತ್ತದ ದುಡ್ಡು ಕೊಡೋಕೆ ಶುರು ಮಾಡಿತು. ಆರಿಸಿಕೊಂಡ ಪ್ರಾಜೆಕ್ಟುಗಳಿಗೆ ವರ್ಷದ ಕೊನೆಗೆ ಪ್ರದರ್ಶನ, ವಿಚಾರ ಸಂಕಿರಣ. ನಿಂತಿಲ್ಲ ನೋಡಿ ಅದು, 2023-24ರದ್ದು 47ನೆಯ ಸಾಲು. ಜೈವಿಕ ಇಂಧನಕ್ಕೇ ಅಂತ ಬೇರೆ ವಿಭಾಗವೂ ಸೇರಿಕೊಂಡಿದೆ, ಹೊಂಗೆ ಎಣ್ಣೆಯಲ್ಲಿ ಇಂಜಿನ್ ಓಡಿಸಿದ ಮಕ್ಕಳು ಈ ರಾಜ್ಯದಲ್ಲಿ ಬಹಳ ಮಂದಿ.

ನಾನು ಕೊನೆ ವರ್ಷದಲ್ಲಿದ್ದದ್ದು 1994ರಲ್ಲಿ. ಮೆಕ್ಯಾನಿಕಲ್. ಮೂವರು ಹುಡುಗರು, ನಾನೊಬ್ಬಳು. ಒಲೆ ಮಾಡ್ತೀವಿ ಅಂದಾಗ ಒಬ್ಬ ಮೇಷ್ಟ್ರು, "ಇದರಲ್ಲಿ ಇಂಜಿನಿಯರಿಂಗ್ ಎಲ್ಲಿದೆಯಮ್ಮ, ಇದು ಗೃಹವಿಜ್ಞಾನ" ಅಂದಿದ್ದರು. ಅದಕ್ಕೇ ಹಟ ಬಂತು. ಅಸ್ತ್ರ ಒಲೆಯ ನಕ್ಷೆಯನ್ನು ಸ್ವಲ್ಪ ಬದಲಿಸಿ, ಮೂರರ ಬದಲು ಎರಡು ಬಾಯಿ ಮಾಡಿ, ಕುಣಿಗಲ್ ಕಡೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಕಟ್ಟಿದೆವು. ಕಾಲೇಜಿನಲ್ಲಿ ಒಂದು, ದೊಡ್ಡಮ್ಮನಲ್ಲಿ ಒಂದು. ಸೌದೆ ತೂಗಿ, ನೀರು ಕಾಯಿಸಿ, ಆವಿಯಾದದ್ದನ್ನು ಕಳೆದು, ಥರ್ಮಾಮೀಟರ್ ಹಿಡಿದು ಹಗಲೆಲ್ಲ ಲೆಕ್ಕ. ಹಳೆ ಒಲೆಗೆ ಹೋಲಿಸಿದರೆ ದುಪ್ಪಟ್ಟಿಗಿಂತ ಹೆಚ್ಚು ದಕ್ಷತೆ ಬಂತು. ಕುಣಿದಾಡಿಬಿಟ್ಟೆವು.

ಎರಡು ತಿಂಗಳಾದ ಮೇಲೆ ಊರಿಗೆ ಹೋದೆ. ಒಲೆಯ ಮೇಲೆ ಒಣಮೆಣಸಿನಕಾಯಿ ಹರಡಿತ್ತು. ದೊಡ್ಡಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡ್ತಿದ್ದಳು.

"ಯಾಕ್ ದೊಡ್ಡಮ್ಮ, ಒಲೆ ಉರಿಯಲ್ವಾ?"

"ಉರಿಯಾಕೇನು ಕಣವ್ವ, ಚೆನ್ನಾಗೇ ಉರಿತೈತೆ. ಮುದ್ದೆ ತಿರುವೋಕೆ ಆಗಕಿಲ್ಲ. ಪಾತ್ರೆ ಗುಂಡಿಲಿ ಕುಂತ್ಕತೈತೆ, ಕಾಲಲ್ಲಿ ಒತ್ತಿ ಹಿಡಿಯನ ಅಂದ್ರೆ ಕಟ್ಟೆ ಎತ್ತರ. ಸೌದೆನೂ ಗೇಣುದ್ದ ಕಡಿಬೇಕು. ಯಾರವ್ವ ಕಡಿಯೋರು, ನಿಮ್ ದೊಡ್ಡಪ್ಪನಾ?"

ರಾಗಿ ಮುದ್ದೆ ಮಾಡುವುದನ್ನು ಕಂಡವರಿಗೆ ಗೊತ್ತು. ಹಿಟ್ಟು ಬೆಂದಮೇಲೆ ಕೋಲಿನಿಂದ ತಿರುವೋದಕ್ಕೆ ಮೈಬಲವೆಲ್ಲ ಹಾಕಬೇಕು. ನಾವು ತೂಗಿದ್ದು ನೀರು. ಒಂದು ದಿನವೂ ಮುದ್ದೆ ತಿರುವಿ ನೋಡಿರಲಿಲ್ಲ. ನಾನು ಹುಟ್ಟಿದಾಗಿನಿಂದ ಮುದ್ದೆ ಉಂಡವಳು! ಸೌದೆ ಸೀಳೋ ಕೆಲಸ ಯಾರ ಪಾಲಿಗೆ ಬೀಳುತ್ತೆ ಅಂತಲೂ ಯೋಚಿಸಿರಲಿಲ್ಲ. ಉಳಿಸಿದ ಸೌದೆಯ ಲೆಕ್ಕ ನಮ್ಮಲ್ಲಿತ್ತು, ಕೊಡಲಿ ಹಿಡಿದ ಹೊತ್ತಿನ ಲೆಕ್ಕ ಇರಲಿಲ್ಲ.

ವರದಿ ಸಲ್ಲಿಸೋಕೆ ಆಗ ಇನ್ನೂ ಮೂರು ವಾರ ಇತ್ತು. ಬರೆಯಬಹುದಿತ್ತು. ನಾನೇ ಬರೆದ ಕೊನೆಯ ಅಧ್ಯಾಯದಲ್ಲಿ ಮಾತ್ರ, ಒಲೆಯನ್ನು ಗ್ರಾಮೀಣ ಮಹಿಳೆಯೊಬ್ಬರ ಮನೆಯಲ್ಲಿ ಅಳವಡಿಸಿದ್ದು ಅವರು ತೃಪ್ತಿ ವ್ಯಕ್ತಪಡಿಸಿದ್ದಾರೆ ಅಂತ ಇದೆ. ಕಪ್ಪು ರೆಕ್ಸಿನ್ ರಟ್ಟು, ಚಿನ್ನದ ಅಕ್ಷರ. ಒಳ್ಳೆ ಅಂಕ ಬಂತು. ಮುಂದಿನ ವರ್ಷ ದೊಡ್ಡಮ್ಮ ಒಲೆ ಒಡೆಸಿ, ಹೊಗೆ ಕೊಳವೆಯನ್ನು ಬಚ್ಚಲ ನೀರು ಹೋಗೋಕೆ ಹಾಕಿಸಿಕೊಂಡಳು. ಅದು ಮಾತ್ರ ಬಹಳ ವರ್ಷ ಬಾಳಿಕೆ ಬಂತು.

ಇದೇ ಕಾರಣಕ್ಕೆ ಪುರದ ಗೋಬರ್ ಗ್ಯಾಸಿನ ಕತೆ ನನ್ನನ್ನು ಕಾಡ್ತಾ ಇರುತ್ತೆ. ಅಸ್ತ್ರದವರು ಅಲ್ಲಿ ಇಡೀ ಊರಿಗೆ ಸೇರಿ ಒಂದು ಗ್ಯಾಸ್ ಸ್ಥಾವರ ಕಟ್ಟಿದ್ದು ಮೊದಲಿಗೆ ಅಡುಗೆಗೆ ಅಂತ. ಊರ ಸಗಣಿಯೆಲ್ಲ ಸೇರಿದರೂ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ, ಜನ ಸಗಣಿ ತರೋದು ಬಿಟ್ಟರು, ಯೋಜನೆ ಮಲಗಿತು. ಅವರು ಅದನ್ನು ಮುಚ್ಚಿಡಲಿಲ್ಲ. ಊರವರ ಜೊತೆ ಕೂತು ಕೇಳಿದರು. ಊರವರಿಗೆ ಮೊದಲು ಬೇಕಾಗಿದ್ದದ್ದು ಒಳ್ಳೆ ನೀರು. 1987ರಲ್ಲಿ ಅದೇ ಗ್ಯಾಸಿನಿಂದ, ಜೊತೆಗೆ ಒಂದಿಷ್ಟು ಡೀಸೆಲ್ ಸೇರಿಸಿ, ಐದು ಕಿಲೋವಾಟ್ ಯಂತ್ರ ಓಡಿಸಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಪೈಸೆ ಲೆಕ್ಕದಲ್ಲಿ ದುಡ್ಡು, ಬಗ್ಗಡ ಗೊಬ್ಬರವಾಗಿ ವಾಪಸ್ಸು. ಊರಿನ ಹುಡುಗರೇ ಯಂತ್ರ ನೋಡಿಕೊಂಡರು. ಆ ಏರ್ಪಾಟು ಹಲವು ವರ್ಷ ನಡೆಯಿತು. ಮೊದಲ ಸೋಲನ್ನು ರೆಡ್ಡಿಯವರು ಎರಡನೆಯ ಯಶಸ್ಸಿನ ಪಕ್ಕದಲ್ಲೇ ಇಟ್ಟು ಬರೆದರು.

ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅಸ್ತ್ರದ ಈಗಿನ ಹೆಸರು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ. ಅಲ್ಲಿಂದ ಬಂದ ಎನ್.ಎಚ್. ರವೀಂದ್ರನಾಥ್ ಮುಂದೆ ವಿಶ್ವಸಂಸ್ಥೆಯ ಹವಾಮಾನ ವರದಿಗಳ ಲೇಖಕರಲ್ಲಿ ಒಬ್ಬರಾದರು. ಕುಣಿಗಲ್ ಹಳ್ಳಿಗಳ ಪುಳ್ಳೆ ಎಣಿಸಿದ ಸಮೀಕ್ಷೆಯ ತಂಡದಲ್ಲಿ ಅವರೂ ಇದ್ದರು.

ಸೆನ್ಸರ್ ತಂಡದ ಮಕ್ಕಳಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ದೊಡ್ಡಮ್ಮನ ಮುದ್ದೆ ಮಾತ್ರ ಹೇಳಿ, ಅಂತಿಮ ವರದಿಗೆ ಇನ್ನೂ ಟೈಮ್ ಇದೆಯಲ್ಲ, ಒಬ್ಬ ರೈತರ ಹೊಲದಲ್ಲಿ ಹದಿನೈದು ದಿನ ಇಟ್ಟು ನೋಡಿ ಅಂದೆ. ಹೋದರು. ಕಳೆದ ವಾರ ಅವರಲ್ಲೊಬ್ಬ ಫೋನ್ ಮಾಡಿದ. ಯಂತ್ರ ಸರಿಯಾಗೇ ಇದೆಯಂತೆ. ಆದರೆ ರೈತರು ಮೂರನೇ ದಿನವೇ ವೈರ್ ಕಿತ್ತು ಪಂಪಿಗೆ ಹಳೇ ಆಟೋ ಸ್ಟಾರ್ಟರ್ರನ್ನೇ ಹಾಕಿಕೊಂಡಿದ್ದಾರಂತೆ.

"ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ ಕೆಲವೇ ಗಂಟೆ ಮೇಡಂ. ಬಂದಾಗ ಎಷ್ಟಾಗುತ್ತೋ ಅಷ್ಟು ನೀರು ಬಿಟ್ಕೋಬೇಕು, ಮಣ್ಣು ಒದ್ದೆ ಐತೆ ಅಂತ ನಿನ್ನ ಮಿಷನ್ನು ನಿಲ್ಲಿಸಿಬಿಟ್ರೆ ನಾಳೆ ಕರೆಂಟ್ ನೀನು ಕೊಡ್ತೀಯಾ ಅಂತ ಬೈದ್ರು."

ನಾನು ಸುಮ್ಮನಿದ್ದೆ. ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ ಕೇಳಿದ, "ಇದನ್ನ ವರದಿಗೆ ಹಾಕಿದ್ರೆ ಅಂಕ ಕಡಿಮೆ ಆಗುತ್ತಾ ಮೇಡಂ?"

ಪರೀಕ್ಷಕಿ ನಾನೇ. ಆಗಲ್ಲ, ಹಾಕಪ್ಪ ಅಂದೆ. ಅವರು ಬೈದದ್ದನ್ನು ಬೈದ ಹಾಗೇ ಹಾಕು ಅಂದೆ. ಯಾವ ಅಧ್ಯಾಯದಲ್ಲಿ ಅಂತ ಕೇಳಿದ.